ಒಂದು ಗೊನೆ ಹಣ್ಣಾದಾಗ: ರಸಾಯನದಿಂದ ಹಲ್ವದವರೆಗೆ

ಅಡಿಕೆ ತೋಟ ಇರುವ ಪುತ್ತೂರು ಕಡೆಯ ಮನೆಗಳಲ್ಲಿ ಬಾಳೆಹಣ್ಣನ್ನು ಡಜನ್ ಲೆಕ್ಕದಲ್ಲಿ ತರುವ ಕ್ರಮ ಇಲ್ಲ. ಬಂದರೆ ಇಡೀ ಗೊನೆಯೇ ಬರುತ್ತದೆ. ಕಡಿದು, ಸೊನೆ ಇಳಿಯಲು ಬಿಟ್ಟು, ಉಗ್ರಾಣದ ಅಡ್ಡಕ್ಕೆ ನೇತುಹಾಕಿದ ಮೇಲೆ ಕೆಲವು ದಿನ ಅದು ಸುಮ್ಮನಿರುತ್ತದೆ. ಆಮೇಲೆ ಮೇಲಿನ ಚಿಪ್ಪಿಗೆ ಹಳದಿ ಹಿಡಿಯಿತು ಎನ್ನುವಷ್ಟರಲ್ಲಿ ಕೆಳಗಿನ ಚಿಪ್ಪುಗಳೂ ಸಾಲಾಗಿ ಹಣ್ಣಾಗಿಬಿಡುತ್ತವೆ. ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ, ಅದು ಪಕ್ಕದ ಕಾಯಿಗಳನ್ನೂ ಹಣ್ಣಾಗಿಸುತ್ತದೆ. ಮನೆಯಲ್ಲಿ ನಾಲ್ಕೈದು ಜನ ಇದ್ದರೆ ತಿಂದು ಮುಗಿಸುವುದಂತೂ ಆಗದ ಮಾತು.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಬಾಳೆಹಣ್ಣು ಎಂದರೆ ಎಲ್ಲ ಒಂದೇ ಆಗಿತ್ತು. ಅತ್ತೆ ಹಣ್ಣನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, "ಇದು ರಸಾಯನಕ್ಕೆ ಆಗ್ಲಿಕ್ಕಿಲ್ಲ ಮಾರಾಯ್ತಿ, ಇನ್ನೆರಡು ದಿನ ಇರಲಿ, ಅಪ್ಪ ಮಾಡುವ" ಎನ್ನುತ್ತಿದ್ದರು. ಯಾವ ಹದದ ಹಣ್ಣಿಗೆ ಯಾವ ಸಿಹಿ ಎನ್ನುವುದು ಅವರಿಗೆ ಕೈಗೇ ಗೊತ್ತಿತ್ತು. ನಾನು ಕಲಿತದ್ದು ಅದನ್ನೇ. ಇವತ್ತಿಗೂ ಬಾಳೆಹಣ್ಣಿನ ಸಿಹಿ ಕೆಡುವುದು ಹೆಚ್ಚಾಗಿ ಅಳತೆಯಿಂದಲ್ಲ, ಹದ ತಪ್ಪಿದ ಹಣ್ಣಿನಿಂದ ಎಂದೇ ನಾನು ನಂಬುತ್ತೇನೆ.

ಇದಕ್ಕೆ ಕಾರಣವೂ ಉಂಟು. ಬಲಿತ ಬಾಳೆಕಾಯಿಯ ತಿರುಳಿನಲ್ಲಿ ಸುಮಾರು ಶೇ 20ರಷ್ಟು ಪಿಷ್ಟ ಇರುತ್ತದೆ. ಪೂರ್ತಿ ಹಣ್ಣಾಗುವ ಹೊತ್ತಿಗೆ ಅದು ಶೇ 1-2ಕ್ಕೆ ಇಳಿದು, ಉಳಿದದ್ದೆಲ್ಲ ಸಕ್ಕರೆಯಾಗಿರುತ್ತದೆ. ಹೀಗಾಗಿ ಹಸಿರು ತೊಟ್ಟಿನ ಹಣ್ಣಿಗೂ ಕಪ್ಪು ಚುಕ್ಕೆ ಬಿದ್ದ ಹಣ್ಣಿಗೂ ಸಿಹಿಯಲ್ಲಿ, ನೀರಿನಂಶದಲ್ಲಿ, ಪರಿಮಳದಲ್ಲಿ ತುಂಬ ವ್ಯತ್ಯಾಸ. ಎರಡಕ್ಕೂ ಒಂದೇ ಪಾಕವಿಧಾನ ಹೊಂದುವುದಿಲ್ಲ.

ಹಳದಿ ತಿರುಗಿಯೂ ಹಣ್ಣು ಇನ್ನೂ ಗಟ್ಟಿಯಿದೆ, ಚಾಕು ಹಾಕಿದರೆ ಹೋಳು ನೀಟಾಗಿ ನಿಲ್ಲುತ್ತದೆ ಎಂದಾದರೆ ಅವತ್ತು ರಸಾಯನದ ದಿನ. ಮೈಸೂರು ಕಡೆ ರಾಮನವಮಿಗೆ ಮಾಡುವ ರಸಾಯನಕ್ಕೆ ಹಣ್ಣು, ಕಾಯಿತುರಿ, ಜೇನು ಇರುತ್ತವೆ. ನಮ್ಮದು ಕಾಯಿಹಾಲಿನದು. ಒಂದು ಒಳ್ಳೆಯ ತೆಂಗಿನಕಾಯಿಯನ್ನು ತುರಿದು, ಸ್ವಲ್ಪವೇ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ದಪ್ಪ ಹಾಲು ಬರುತ್ತದೆ. ಅದಕ್ಕೆ ಮುಕ್ಕಾಲು ಕಪ್ ಪುಡಿಮಾಡಿದ ಬೆಲ್ಲ, ಒಂದು ಚಿಟಿಕೆ ಉಪ್ಪು, ನಾಲ್ಕು ಏಲಕ್ಕಿಯ ಪುಡಿ. ಬೆಲ್ಲ ಪೂರ್ತಿ ಕರಗಿದ ಮೇಲೆ ಎಂಟು ಹತ್ತು ಕದಳಿ ಹಣ್ಣನ್ನು ಸುಲಿದು ನೇರ ಆ ಹಾಲಿನೊಳಗೇ ಹೆಚ್ಚಬೇಕು. ತಟ್ಟೆಯಲ್ಲಿ ಹೆಚ್ಚಿಟ್ಟು ಆಮೇಲೆ ಹಾಕಿದರೆ ಗಾಳಿ ತಾಗಿ ಹೋಳು ಕಂದುತ್ತದೆ. ಕೊನೆಗೆ ಒಂದು ಚಮಚ ಹುರಿದ ಎಳ್ಳು. ಈ ಎಳ್ಳನ್ನು ಬಿಡಬೇಡಿ. ಮೆತ್ತಗಿನ ಹಣ್ಣು, ನುಣ್ಣಗಿನ ಹಾಲು, ಇವೆರಡರ ನಡುವೆ ಹಲ್ಲಿಗೆ ಸಿಗುವುದು ಅದೊಂದೇ. ನೀರುದೋಸೆ ಅಥವಾ ಒತ್ತುಶ್ಯಾವಿಗೆಯ ಜೊತೆ ಇದಕ್ಕೆ ಸಮನಾದ ಸಿಹಿ ಬೇರೊಂದಿಲ್ಲ ಎನ್ನುವವಳು ನಾನು. ಕಾಯಿಹಾಲು ಕಾಯಿಸಿದ್ದಲ್ಲವಾದ್ದರಿಂದ ಮೂರು ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಸೆಕೆಗಾಲದಲ್ಲಿ ಅದಕ್ಕಿಂತಲೂ ಬೇಗ.

ಧಾರವಾಡ, ಬಿಜಾಪುರದ ಕಡೆಯವರ ಸೀಕರಣೆಯೂ ಇದೇ ಕುಟುಂಬದ್ದು. ಕಾಯಿಸಿ ಆರಿಸಿದ ಹಾಲು, ಸಕ್ಕರೆ, ಏಲಕ್ಕಿ, ಕೈಯಲ್ಲಿ ಕಿವುಚಿದ ಹಣ್ಣು, ಜೊತೆಗೆ ಚಪಾತಿ. ಅದಕ್ಕೆ ರಸಾಯನದ ಹಣ್ಣಿಗಿಂತ ಒಂದು ದಿನ ಹೆಚ್ಚು ಮಾಗಿದ ಹಣ್ಣು ಬೇಕು. ಊಟಕ್ಕೆ ಕುಳಿತ ಮೇಲೆಯೇ ಕಲಸಬೇಕು, ಹೊತ್ತಾದರೆ ಹಾಲು ಒಡೆದ ಹಾಗೆ ಆಗುತ್ತದೆ.

ಸಿಪ್ಪೆಯ ಮೇಲೆ ಸಣ್ಣ ಚುಕ್ಕೆ ಕಾಣಿಸಿಕೊಂಡಾಗ ಸಪಾದ ಭಕ್ಷ್ಯ. ಸತ್ಯನಾರಾಯಣ ಪೂಜೆಗೆ ರವೆ, ತುಪ್ಪ, ಸಕ್ಕರೆ, ಹಾಲು, ಹಣ್ಣು ಎಲ್ಲವನ್ನೂ ಒಂದೂಕಾಲು ಅಳತೆಯಲ್ಲಿ ತೆಗೆದುಕೊಳ್ಳುವುದು ಪದ್ಧತಿ. ಸಾಮಾನ್ಯ ದಿನದಲ್ಲಿ ನಾನು ಒಂದು ಕಪ್ ಸಣ್ಣ ರವೆಗೆ ಮುಕ್ಕಾಲು ಕಪ್ ತುಪ್ಪ, ಒಂದು ಕಪ್ ಸಕ್ಕರೆ, ಎರಡೂವರೆ ಕಪ್ ಬಿಸಿ ಹಾಲು, ಮೂರು ಹಣ್ಣು ಹಾಕುತ್ತೇನೆ. ಇಲ್ಲಿ ಒಂದೇ ಸೂಕ್ಷ್ಮ ಇರುವುದು. ಹಲವರು ಶೀರಾ ಆದ ಮೇಲೆ ಕೊನೆಯಲ್ಲಿ ಹಣ್ಣು ಬೆರೆಸುತ್ತಾರೆ, ಆಗ ರವೆಯ ರುಚಿ ಬೇರೆ, ಹಣ್ಣಿನ ರುಚಿ ಬೇರೆ ಆಗಿ ಉಳಿಯುತ್ತದೆ. ರವೆ ಅರ್ಧ ಹುರಿದಾಗಲೇ ಹಣ್ಣನ್ನು ತೆಳ್ಳಗೆ ಹೆಚ್ಚಿ ತುಪ್ಪದಲ್ಲಿ ಬಿಡಿ. ಹಣ್ಣು ಕರಗಿ ರವೆಗೆ ಅಂಟಿಕೊಂಡು, ಎರಡೂ ಒಟ್ಟಿಗೆ ಹೊಂಬಣ್ಣಕ್ಕೆ ಬಂದ ಮೇಲೆ ಹಾಲು ಸುರಿಯಿರಿ. ರವೆ ಅರಳಿದ ಮೇಲೆ ಸಕ್ಕರೆ. ಆ ಹೊತ್ತಿಗೆ ಅಡುಗೆಮನೆಯಿಂದ ಹೊರಡುವ ಪರಿಮಳಕ್ಕೆ ಜಗಲಿಯಲ್ಲಿದ್ದವರೂ ಎದ್ದು ಬರುತ್ತಾರೆ.

ಚುಕ್ಕೆಗಳು ಒಂದಕ್ಕೊಂದು ಸೇರಿ ಸಿಪ್ಪೆ ಕಂದಿದಾಗ ಅಪ್ಪ. ಕಾಸರಗೋಡು ಬಳಿಯ ಮಧೂರು ಗಣಪತಿಯ ಅಪ್ಪ ಪ್ರಸಾದ ತಿಂದವರಿಗೆ ಈ ಭಕ್ಷ್ಯದ ಪರಿಚಯ ಬೇಕಿಲ್ಲ. ಚೌತಿಗೆ ನಮ್ಮ ಕಡೆ ಮಾಡಿಯೇ ಮಾಡುತ್ತಾರೆ. ಮನೆಯಲ್ಲಿ ನಾನು ಮಾಡುವ ಬಗೆ ಇದು: ಒಂದು ಕಪ್ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಯನ್ನು ಮೂರು ಗಂಟೆ ನೆನೆಸಿ, ಕಾಲು ಕಪ್ ಕಾಯಿತುರಿ, ಮುಕ್ಕಾಲು ಕಪ್ ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪಿನೊಂದಿಗೆ ರುಬ್ಬುತ್ತೇನೆ. ಹಣ್ಣು ಸೇರಿಸುವುದು ಕೊನೆಯ ಸುತ್ತಿಗೆ, ಅದೂ ಕಿವುಚಿದಾಗ ಅರ್ಧ ಕಪ್ ಮೀರದಷ್ಟು. ಬೆಲ್ಲವೂ ಹಣ್ಣೂ ನೀರು ಬಿಡುವುದರಿಂದ ರುಬ್ಬುವಾಗ ನೀರನ್ನು ಕೈತಡೆದು ಹಾಕಬೇಕು. ಹಿಟ್ಟು ಇಡ್ಲಿ ಹಿಟ್ಟಿನ ಹದದಲ್ಲಿರಲಿ. ಸೋಡಾ ಬೇಡವೇ ಬೇಡ, ಮೆದುವಾಗಿಸುವ ಕೆಲಸವನ್ನು ಹಣ್ಣೇ ಮಾಡುತ್ತದೆ. ಅಪ್ಪದ ಕಾವಲಿಯ ಪ್ರತಿ ಗುಳಿಗೂ ತುಪ್ಪ ಬಿಟ್ಟು, ಮುಕ್ಕಾಲು ಭಾಗ ಹಿಟ್ಟು ಹೊಯ್ದು, ಸಣ್ಣ ಉರಿಯಲ್ಲಿ ಬೇಯಿಸಬೇಕು. ಉರಿ ಜೋರಾದರೆ ಬೆಲ್ಲ ಹೊರಗೆ ಕರಟಿ ಒಳಗೆ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಹಣ್ಣು ಹೆಚ್ಚಾದರೂ ಅದೇ ಕತೆ, ಎಷ್ಟು ಹೊತ್ತು ಬೇಯಿಸಿದರೂ ನಡುಭಾಗ ಅಂಟಂಟು. ಕಡ್ಡಿ ಚುಚ್ಚಿ ತಿರುಗಿಸುವಾಗ ಅಪ್ಪ ತಾನಾಗಿ ಗುಳಿಯಿಂದ ಬಿಟ್ಟುಕೊಂಡರೆ ಹದ ಸರಿ.

ಇದೇ ಹದದ ಹಣ್ಣಿಗೆ ಒಲೆಯೇ ಬೇಡದ ಸಿಹಿ ಬೇಕೆಂದರೆ ಕೊಡಗಿನ ತಂಬುಟ್ಟು ಇದೆ. ಪುತ್ತರಿ ಹಬ್ಬದಲ್ಲಿ ಮಾಡುತ್ತಾರೆ. ಕುಚ್ಚಲಕ್ಕಿಯನ್ನು ಸ್ವಲ್ಪ ಮೆಂತ್ಯದೊಂದಿಗೆ ಹುರಿದು, ಏಲಕ್ಕಿ ಸೇರಿಸಿ ನುಣ್ಣಗೆ ಪುಡಿ ಮಾಡಿಟ್ಟುಕೊಂಡರೆ ಬೇಕಾದಾಗ ಚೆನ್ನಾಗಿ ಕಳಿತ ಹಣ್ಣಿಗೆ ಬೆರೆಸಿ ನಾದಿದರಾಯಿತು. ಮೇಲೆ ತುಪ್ಪ, ಕಾಯಿತುರಿ, ಹುರಿದ ಎಳ್ಳು. ಹಣ್ಣಿನ ಸಿಹಿಯೇ ಸಾಕಾಗುತ್ತದೆ. ಮೆಂತ್ಯದ ಆ ಸಣ್ಣ ಕಹಿ ಬಾಳೆಯ ಜೊತೆ ಎಷ್ಟು ಹೊಂದುತ್ತದೆ ಎಂದು ತಿಂದೇ ನೋಡಬೇಕು.

ಹಣ್ಣು ಕಲಸಿದ ಮೈದಾಹಿಟ್ಟನ್ನು ಲಟ್ಟಿಸಿ ಕರಿಯುವ ಬನ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಎಲ್ಲರೂ ಬಲ್ಲರು. ಪಚ್ಚಬಾಳೆ ಎಂಬ ತಳಿಯ ಹಣ್ಣಿನಲ್ಲಿ ನೀರಿನಂಶ ಹೆಚ್ಚು, ಅದು ಹಲ್ವಕ್ಕೆ ಒದಗುವುದಿಲ್ಲ, ಬನ್ಸಿಗೆ ಮಾತ್ರ ಚೆನ್ನಾಗಿ ಒದಗುತ್ತದೆ ಎನ್ನುವುದಷ್ಟೇ ನನ್ನ ಮಾತು.

ಇನ್ನು ಹಲ್ವ. ಸಿಪ್ಪೆ ಪೂರಾ ಕಪ್ಪಾಗಿ, ನೋಡಿದವರು ಗೊಬ್ಬರದ ಗುಂಡಿಗೆ ಎಸೆಯಬೇಕು ಎನ್ನುವ ಸ್ಥಿತಿಗೆ ಬಂದ ಹಣ್ಣೇ ಇದಕ್ಕೆ ಶ್ರೇಷ್ಠ. ಒಳಗಿನ ತಿರುಳು ಹುಳಿ ವಾಸನೆ ಬಾರದೆ, ನೀರು ಒಸರದೆ ಇರಬೇಕು, ಅಷ್ಟೇ. ನೇಂದ್ರವಾದರೆ ಬಹಳ ಒಳ್ಳೆಯದು, ಅದರ ತಿರುಳು ಗಟ್ಟಿ, ಹಲ್ವಕ್ಕೆ ಒಳ್ಳೆಯ ಮೈ ಬರುತ್ತದೆ. ಒಂದು ಕಿಲೋ ಹಣ್ಣು ಸುಲಿದರೆ 600 ಗ್ರಾಂ ಆಸುಪಾಸು ತಿರುಳು ಸಿಗುತ್ತದೆ. ಅದಕ್ಕೆ 250 ಗ್ರಾಂ ಸಕ್ಕರೆ, 150 ಗ್ರಾಂ ತುಪ್ಪ, ಒಂದು ಚಮಚ ನಿಂಬೆರಸ, ಹತ್ತಿಪ್ಪತ್ತು ಗೋಡಂಬಿ.

ತಿರುಳನ್ನು ನೀರು ಹಾಕದೆ ಮಿಕ್ಸಿಯಲ್ಲಿ ತಿರುಗಿಸಿ, ದಪ್ಪ ತಳದ ಅಗಲ ಬಾಣಲೆಗೆ ಎರಡು ಚಮಚ ತುಪ್ಪದೊಂದಿಗೆ ಹಾಕಿ. ಸಕ್ಕರೆ ಈಗಲೇ ಬೇಡ. ಮೊದಲು ಹಣ್ಣಿನ ನೀರು ಆರಬೇಕು. ಸಕ್ಕರೆ ಮೊದಲೇ ಬಿದ್ದರೆ ಅದು ಕರಗಿ ಇನ್ನಷ್ಟು ನೀರಾಗಿ, ಕುದಿಯುವ ಹನಿಗಳು ಕೈಮೇಲೆ ಸಿಡಿಯುವ ಹೊತ್ತು ಉದ್ದವಾಗುತ್ತದೆ. ಬಾಳೆಹಣ್ಣಿನ ಸಿಡಿತ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಆದ್ದರಿಂದ ಉದ್ದ ಹಿಡಿಯ ಸೌಟು ಇರಲಿ, ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿ. ಕಾಲು ಗಂಟೆಯಲ್ಲಿ ತಿರುಳು ದಪ್ಪವಾಗಿ, ಬಿಳಿ ಹೋಗಿ ತಿಳಿಗೆಂಪು ಬರುತ್ತದೆ. ಆಗ ಸಕ್ಕರೆ, ನಿಂಬೆರಸ. ನಿಂಬೆಯ ಹುಳಿ ಇದ್ದರೆ ಹಲ್ವ ಇಟ್ಟಷ್ಟು ದಿನ ಸಕ್ಕರೆ ಹರಳುಗಟ್ಟುವುದಿಲ್ಲ, ಅತಿ ಸಿಹಿಯೂ ಎನಿಸುವುದಿಲ್ಲ.

ಅಲ್ಲಿಂದ ಮುಂದೆ ಕೈ ಬಿಡುವಂತಿಲ್ಲ. ತುಪ್ಪವನ್ನು ಒಂದೊಂದೇ ಚಮಚ ಹಾಕುತ್ತ ತಿರುವುತ್ತಲೇ ಇರಬೇಕು. ಹಲ್ವ ಮೊದಲು ತುಪ್ಪವನ್ನೆಲ್ಲ ಹೀರುತ್ತದೆ, ಹಾಕಿದ್ದು ಎಲ್ಲಿ ಹೋಯಿತೋ ಎನಿಸುತ್ತದೆ. ಆ ಹಂತದಲ್ಲಿ ಗಾಬರಿಯಾಗಿ ಇನ್ನಷ್ಟು ಸುರಿಯಬೇಡಿ. ಹದ ಬಂದಾಗ ಹೀರಿದ್ದನ್ನು ತಾನೇ ಅಂಚಿನಲ್ಲಿ ಬಿಡಲು ಶುರುಮಾಡುತ್ತದೆ. ಬಣ್ಣ ಹಳದಿಯಿಂದ ಕಾವಿಗೆ, ಕಾವಿಯಿಂದ ಗಾಢ ಕೆಂಪಿಗೆ ತಿರುಗುತ್ತದೆ. ಹಣ್ಣಿನದೇ ಸಕ್ಕರೆ ಕಾದು ಬರುವ ಬಣ್ಣ ಇದು. ಅಂಗಡಿಯ ಹಲ್ವಗಳಲ್ಲಿ ಬೆರೆಸುವ ಬಣ್ಣ ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಇನ್ನು ಸ್ವಲ್ಪ ಹೊತ್ತು ತಿರುವಿದ್ದರೆ ಆ ಬಣ್ಣ ಬಾಣಲೆಯಲ್ಲೇ ಇತ್ತಲ್ಲ! ಒಟ್ಟು ಮುಕ್ಕಾಲರಿಂದ ಒಂದು ಗಂಟೆ ಹಿಡಿಯುತ್ತದೆ. ಸೌಟಿನೊಂದಿಗೆ ಇಡೀ ಮುದ್ದೆ ಒಟ್ಟಿಗೆ ಸುತ್ತಬೇಕು, ಒಂದು ತುಣುಕನ್ನು ಆರಿಸಿ ಬೆರಳಲ್ಲಿ ಉಂಡೆ ಕಟ್ಟಿದರೆ ಅಂಟಬಾರದು. ಗೋಡಂಬಿ, ಏಲಕ್ಕಿ ಹಾಕಿ ತುಪ್ಪ ಸವರಿದ ತಟ್ಟೆಗೆ ಸುರಿದು, ಪೂರ್ತಿ ಆರಿದ ಮೇಲಷ್ಟೇ ಕತ್ತರಿಸಿ. ಒದ್ದೆ ಕೈ ತಾಗಿಸದಿದ್ದರೆ ಹೊರಗೇ ಒಂದು ವಾರ ಕೆಡುವುದಿಲ್ಲ.

ಪೇಟೆಯಲ್ಲಿರುವ ನನ್ನ ತಂಗಿಯಂಥವರಿಗೆ ಗೊನೆ ಎಲ್ಲಿಂದ? ಅವರು ಕಿಲೋ ಲೆಕ್ಕದ ಏಲಕ್ಕಿ ಬಾಳೆಯಲ್ಲಿ ರಸಾಯನ, ಸಪಾದ, ಅಪ್ಪ ಮೂರನ್ನೂ ಚೆನ್ನಾಗಿ ಮಾಡಬಹುದು. ಹಲ್ವಕ್ಕೆ ಮಾತ್ರ ನೇಂದ್ರ ಹುಡುಕಿ ತನ್ನಿ. ಪೂರ್ತಿ ಹಣ್ಣಾಗದ್ದನ್ನು ಫ್ರಿಜ್ಜಿನಲ್ಲಿ ಇಡಬೇಡಿ, 13 ಡಿಗ್ರಿಗಿಂತ ಕೆಳಗಿನ ಚಳಿಗೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಣ್ಣಾಗುವುದು ನಿಲ್ಲುತ್ತದೆ. ಕಪ್ಪು ಸಿಪ್ಪೆ ನೋಡಿ ಹಲ್ವಕ್ಕೆ ಆಯಿತೆಂದು ಸುಲಿದರೆ ಒಳಗೆ ಒಗರು. ನಂಜನಗೂಡು ರಸಬಾಳೆ ಸಿಕ್ಕಿತೆಂದರೆ ದಯವಿಟ್ಟು ಒಲೆಯ ಹತ್ತಿರವೂ ಒಯ್ಯಬೇಡಿ. ಸೊರಗು ರೋಗಕ್ಕೆ ಸಿಕ್ಕಿ ಎಷ್ಟೋ ತೋಟಗಳಿಂದ ಮರೆಯಾದ ಹಣ್ಣು ಅದು, ಸಿಪ್ಪೆ ಸುಲಿದು ಹಾಗೆಯೇ ತಿನ್ನಬೇಕು.

ಹಲ್ವಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ ಎಂದು ತಂಗಿ ಕೇಳುತ್ತಿರುತ್ತಾಳೆ. ಧಾರಾಳವಾಗಿ ಹಾಕಬಹುದು. ಬೆಲ್ಲವನ್ನು ಮೊದಲು ಕಾಲು ಕಪ್ ನೀರಿನಲ್ಲಿ ಕರಗಿಸಿ ಸೋಸಿ, ಆ ನೀರು ಆರುವಷ್ಟು ಹೆಚ್ಚು ಹೊತ್ತು ತಿರುವಬೇಕು. ಬಣ್ಣ ಬೇಗ ಕಪ್ಪಿಗೆ ತಿರುಗುವುದರಿಂದ ಹದವನ್ನು ಕಣ್ಣಿನಿಂದ ನೋಡಿ ತಿಳಿಯಲಾಗದು, ಬೆರಳಿನ ಉಂಡೆಯನ್ನೇ ನಂಬಿ.