ಬಿಸಿಯಾದಾಗ ಮಾತ್ರ ಬರುವ ಮಿಸ್ಸಿಂಗ್

ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ಯಾವುದೋ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಎಂಜಿನ್ ನಡುಗುತ್ತಿದೆ ಎಂದು ಬರುವ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಿನವು ಅರ್ಧ ದಿನದಲ್ಲಿ ಸರಿಹೋಗುತ್ತವೆ. ಸವೆದ ಪ್ಲಗ್, ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್‌ನ ಬಿರುಕು ಬಿಟ್ಟ ರಬ್ಬರ್, ಇಲಿ ಕಡಿದ ವೈರು, ಇಷ್ಟರಲ್ಲೇ ಮುಗಿಯುತ್ತದೆ. ಧಾನ್ಯ ಸಾಗಿಸುವ ಗಾಡಿಗಳಿಗೆ ಇಲಿಯ ಕಾಟ ಎಷ್ಟೆಂದು ಎಪಿಎಂಸಿ ಪ್ರಾಂಗಣದಲ್ಲಿ ರಾತ್ರಿ ಗಾಡಿ ನಿಲ್ಲಿಸುವವರನ್ನೇ ಕೇಳಬೇಕು. ಆದರೆ ಕೆಲವು ಗಾಡಿಗಳು ಹೊಸ ಪ್ಲಗ್, ಹೊಸ ಕಾಯಿಲ್ ಎಲ್ಲವನ್ನೂ ನುಂಗಿಯೂ ಮಿಸ್ಸಿಂಗ್ ಬಿಡುವುದಿಲ್ಲ. ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ನನ್ನ ಗ್ಯಾರೇಜಿಗೆ ಬಂದ ಪಿಕಪ್ ಅಂಥದ್ದು.

ನಾಲ್ಕು ಸಿಲಿಂಡರಿನ ಎಂಜಿನ್, ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ ಗಾಡಿ. ಮಾಲೀಕರೇ ಚಾಲಕರು. ನಂದೂರಿನ ದಾಲ್ ಮಿಲ್‌ಗಳಿಂದ ತೊಗರಿ ಬೇಳೆ ತುಂಬಿಕೊಂಡು ಹುಮನಾಬಾದ್ ಕಡೆಗೆ ಹೋಗುತ್ತಾರೆ, ಓಡಿಸುವುದೆಲ್ಲ ಸಿಎನ್‌ಜಿಯಲ್ಲೇ. ಬೇರೆ ಕಡೆ ಪ್ಲಗ್, ಕಾಯಿಲ್ ಬದಲಿಸಿ, ಇಂಜೆಕ್ಟರ್ ತೊಳೆಸಿ, ಕಂಪ್ರೆಶನ್ (ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಗಾಳಿಯ ಒತ್ತಡ) ಕೂಡ ನೋಡಿಸಿ "ಸರಿಯಾಗಿದೆ" ಎನಿಸಿಕೊಂಡು ಬಂದಿದ್ದರು.

"ಉಸ್ತಾದ್, ಬೆಳಿಗ್ಗೆ ಇದರಷ್ಟು ಒಳ್ಳೆಯ ಗಾಡಿ ಇನ್ನೊಂದಿಲ್ಲ. ಕಮಲಾಪುರ ದಾಟಿ ಎಲ್ಲಾದರೂ ನಿಲ್ಲಿಸಿದೆನೋ, ನಿಂತಲ್ಲೇ ನಡುಗುತ್ತದೆ. ಓಡುವಾಗ ಅಷ್ಟೇನೂ ಗೊತ್ತಾಗುವುದಿಲ್ಲ" ಎಂದರು.

ಸ್ಕ್ಯಾನರ್ ಹಚ್ಚುವ ಮೊದಲೇ ಈ ಮಾತಿನಿಂದ ನನಗೆ ಅರ್ಧ ದಾರಿ ಕಂಡಿತ್ತು. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ತಪ್ಪು. ಓಟದಲ್ಲಿ ಸರಿ, ಐಡಲ್‌ನಲ್ಲಿ ತಪ್ಪು. ಮಾಲೀಕರು ಹೇಳುವ ಇಂಥ ವಿವರವನ್ನು ಮಧ್ಯೆ ತಡೆಯದೆ ಪೂರ್ತಿ ಕೇಳಬೇಕು. ಯಾವ ಯಂತ್ರವೂ ಇದನ್ನು ಹೇಳುವುದಿಲ್ಲ.

ಸ್ಕ್ಯಾನರ್ ಕೊಟ್ಟ ಕೋಡ್ ಪಿ0303. ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ, ಅಂದರೆ ಮೂರನೆಯ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಏಕೆ ಎಂಬುದು ಆ ಕೋಡಿನಲ್ಲಿ ಇರುವುದಿಲ್ಲ. ಕೋಡ್ ನೋಡಿದ ಕೂಡಲೇ ಕಾಯಿಲ್ ತರಿಸುವವರು ಇದನ್ನು ಮರೆಯುತ್ತಾರೆ. ಎಂಜಿನ್ ಬಿಸಿಯಾದ ಮೇಲೆ ಚೆಕ್ ಲೈಟ್ ಮಿನುಗತೊಡಗಿತು. ಮಿನುಗುವ ಲೈಟನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಉರಿಯದ ಇಂಧನ ಹೊಗೆಯನ್ನು ಶುದ್ಧ ಮಾಡುವ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ, ಕನ್ವರ್ಟರ್ ಕರಗುತ್ತದೆ. ಆ ಖರ್ಚಿನ ಮುಂದೆ ಉಳಿದದ್ದು ಏನೂ ಅಲ್ಲ.

ಮಿಸ್ಸಿಂಗ್ ಹೊಡೆಯುತ್ತಿರುವಾಗಲೇ ಸಿಎನ್‌ಜಿಯಿಂದ ಪೆಟ್ರೋಲ್‌ಗೆ ಬದಲಿಸಿದೆ. ನಡುಕ ಹಾಗೆಯೇ ಇತ್ತು. ಎರಡು ಇಂಧನಗಳಿಗೂ ಇಂಜೆಕ್ಟರ್‌ಗಳು ಬೇರೆ ಬೇರೆ. ಎರಡೂ ಒಂದೇ ಸಿಲಿಂಡರಿನಲ್ಲಿ ಏಕಕಾಲಕ್ಕೆ ಕೆಡುವುದು ತೀರಾ ಅಪರೂಪ. ಒಂದು ಸ್ವಿಚ್ ಒತ್ತಿದ್ದಕ್ಕೆ ಇಂಧನದ ಭಾಗ ಹೆಚ್ಚುಕಡಿಮೆ ಪಟ್ಟಿಯಿಂದ ಹೊರಗೆ ಹೋಯಿತು. ಆಮೇಲೆ ಮೂರನೆಯ ಸಿಲಿಂಡರಿನ ಕಾಯಿಲ್ ಮತ್ತು ಪ್ಲಗ್ ಅನ್ನು ಒಂದನೆಯದಕ್ಕೆ ಹಾಕಿ, ಒಂದನೆಯದರವನ್ನು ಇಲ್ಲಿಗೆ ತಂದೆ. ದೋಷ ಅವುಗಳಲ್ಲಿ ಇದ್ದಿದ್ದರೆ ಕೋಡ್ ಪಿ0301 ಆಗಬೇಕಿತ್ತು. ಆಗಲಿಲ್ಲ. ಮೂರನೆಯ ಕಾಯಿಲ್‌ನ ಕನೆಕ್ಟರಿಗೆ ವಿದ್ಯುತ್ತೂ ಸಿಗ್ನಲ್ಲೂ ಸರಿಯಾಗಿಯೇ ಬರುತ್ತಿದ್ದವು. ಉಳಿದದ್ದು ಕಂಪ್ರೆಶನ್.

"ಅದನ್ನು ಆಗಲೇ ನೋಡಿದ್ದಾರೆ" ಎಂದರು ಮಾಲೀಕರು. ಯಾವಾಗ ನೋಡಿದರು ಎಂದು ಕೇಳಿದೆ. ರಾತ್ರಿ ಗಾಡಿ ಬಿಟ್ಟು ಬಂದಿದ್ದರು, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನೋಡಿದ್ದರು. ಗುಟ್ಟು ಇದ್ದದ್ದು ಅಲ್ಲಿಯೇ. ದೋಷ ಬರುವುದು ಬಿಸಿಯಲ್ಲಿ, ಅಳತೆ ಮಾಡಿದ್ದು ತಂಪಿನಲ್ಲಿ.

ನಾನು ಎರಡು ಸಲ ಅಳೆದೆ. ಬೆಳಗಿನ ತಣ್ಣನೆಯ ಎಂಜಿನ್‌ನಲ್ಲಿ ಉಳಿದ ಮೂರು ಸಿಲಿಂಡರ್‌ಗಳು 180 ಪಿಎಸ್‌ಐ ಆಸುಪಾಸು, ಮೂರನೆಯದು 155. ಕಡಿಮೆಯೇ, ಆದರೂ ಎಂಜಿನ್ ಉರಿಯುವಷ್ಟಿದೆ. ನಂತರ ಗಾಡಿಯನ್ನು ಶಹಾಬಾದ್ ರಸ್ತೆಯಲ್ಲಿ ಚೆನ್ನಾಗಿ ಓಡಿಸಿ ತಂದು, ರೇಡಿಯೇಟರ್ ಫ್ಯಾನ್ ತಿರುಗುತ್ತಿರುವಾಗಲೇ ಪ್ಲಗ್‌ಗಳನ್ನು ಬಿಚ್ಚಿದೆ. ಅಲ್ಯೂಮಿನಿಯಂ ಹೆಡ್‌ನಲ್ಲಿ ಬಿಸಿ ಪ್ಲಗ್ ಬಿಚ್ಚುವುದು ಅಪಾಯದ ಕೆಲಸ, ಥ್ರೆಡ್ ಕಿತ್ತುಬರುತ್ತದೆ. ಸ್ವಲ್ಪ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, ಬಿಗಿ ಹಿಡಿಯುತ್ತಿದೆ ಎನಿಸಿದರೆ ನಿಲ್ಲಿಸಿ ತೆಗೆಯಬೇಕು. ಕಾಯಿಲ್ ಮತ್ತು ಇಂಜೆಕ್ಟರ್‌ಗಳ ಕನೆಕ್ಟರ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲು ಹುಡುಗನಿಗೆ ಹೇಳಿ ಸ್ಟಾರ್ಟರ್ ಹೊಡೆಸಿದೆ. ಮೂರನೆಯ ಸಿಲಿಂಡರಿನ ಮುಳ್ಳು 90 ದಾಟಲಿಲ್ಲ. ಉಳಿದವು ಇದ್ದಲ್ಲೇ ಇದ್ದವು.

ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಆಯಿಲ್ ಆ ಸಂದನ್ನು ಮುಚ್ಚಿ ಒತ್ತಡ ಏರಬೇಕು, ಏರಲಿಲ್ಲ. ಪಿಸ್ಟನ್ನನ್ನು ಕಂಪ್ರೆಶನ್ ಹೊಡೆತದ ತುದಿಗೆ ತಂದು, ಗಾಡಿಯನ್ನು ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಕಂಪ್ರೆಸರ್ ಗಾಳಿಯನ್ನು ಪ್ಲಗ್ ತೂತಿನೊಳಗೆ ಬಿಟ್ಟೆ. ಗಾಳಿ ಎಲ್ಲಿಂದ ಹೊರಬರುತ್ತದೆಯೋ ಅಲ್ಲಿದೆ ದೋಷ. ಆಯಿಲ್ ತುಂಬುವ ಮುಚ್ಚಳದಲ್ಲಿ ಸದ್ದು ಬಂದರೆ ರಿಂಗ್, ಥ್ರಾಟಲ್ ಕಡೆ ಬಂದರೆ ಇನ್‌ಟೇಕ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಸೈಲೆನ್ಸರಿನ ಬಾಯಿಗೆ ಕಿವಿ ಕೊಟ್ಟೆ. ಕುಕ್ಕರ್ ಸೀಟಿಗೆ ಮುಂಚಿನ ಹಾಗೆ ಸುಯ್ಯೆಂದು ಗಾಳಿ ಬರುತ್ತಿತ್ತು. ಉರಿದ ಹೊಗೆಯನ್ನು ಹೊರಬಿಡುವ ಎಗ್ಸಾಸ್ಟ್ ವಾಲ್ವ್ ತನ್ನ ಸೀಟಿನ ಮೇಲೆ ಸರಿಯಾಗಿ ಕೂರುತ್ತಿಲ್ಲ.

ಎಂಜಿನ್ ಪೂರ್ತಿ ಆರಿದ ಮೇಲೆ ಮರುದಿನ ಟ್ಯಾಪೆಟ್ ಕವರ್ ತೆಗೆದೆ. ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್‌ಗೂ ವಾಲ್ವಿನ ಕಾಂಡಕ್ಕೂ ನಡುವೆ ಸಣ್ಣ ಗ್ಯಾಪ್ ಇರಬೇಕು. ಮೂರನೆಯ ಎಗ್ಸಾಸ್ಟ್ ವಾಲ್ವಿನ ಮೇಲೆ 0.05 ಮಿಲಿಮೀಟರಿನ ಫೀಲರ್ ಗೇಜ್ (ಅಳತೆಯ ತೆಳು ತಗಡು) ಕೂಡ ತೂರಲಿಲ್ಲ. ಗ್ಯಾಪ್ ಎಂಬುದೇ ಉಳಿದಿರಲಿಲ್ಲ. ಸಿಎನ್‌ಜಿ ಒಣ ಅನಿಲ; ದ್ರವವಾಗಿ ಬಂದು ಆವಿಯಾಗುವ ಪೆಟ್ರೋಲಿನಿಂದ ಸಿಗುವ ತಂಪು ಅದರಿಂದ ಸಿಗುವುದಿಲ್ಲ. ಅದರ ಮೇಲೆ ಪೂರ್ತಿ ಲೋಡು, 40 ಡಿಗ್ರಿ ದಾಟುವ ನಮ್ಮ ಬಿಸಿಲು. ವಾಲ್ವ್ ಸೀಟು ಸವೆಯುತ್ತದೆ, ವಾಲ್ವ್ ಹೆಡ್‌ನೊಳಕ್ಕೆ ಇಳಿಯುತ್ತದೆ, ಅದರ ಕಾಂಡ ಮೇಲೆ ಬಂದು ಗ್ಯಾಪನ್ನು ತಿಂದುಹಾಕುತ್ತದೆ. ತಣ್ಣಗಿರುವಾಗ ವಾಲ್ವ್ ಹೇಗೋ ಮುಚ್ಚಿಕೊಳ್ಳುತ್ತದೆ. ಬಿಸಿಗೆ ಉದ್ದವಾದಾಗ ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ವೇಗವಾಗಿ ತಿರುಗುವಾಗ ಸೋರಲು ಸಮಯ ಸಿಗುವುದಿಲ್ಲ, ಆದ್ದರಿಂದಲೇ ಓಟದಲ್ಲಿ ಗೊತ್ತಾಗುವುದಿಲ್ಲ. ಐಡಲ್‌ನಲ್ಲಿ ಎಲ್ಲವೂ ಬಯಲಾಗುತ್ತದೆ. ಇನ್ನೊಂದು ಕೆಡುಕೂ ಇದೆ. ಎಗ್ಸಾಸ್ಟ್ ವಾಲ್ವ್ ತನ್ನ ಹೆಚ್ಚಿನ ಬಿಸಿಯನ್ನು ಮುಚ್ಚಿಕೊಂಡಾಗ ಸೀಟಿನ ಮೂಲಕವೇ ಹೊರಹಾಕುವುದು. ಸೀಟು ಮುಟ್ಟದ ವಾಲ್ವ್ ಸುಡುತ್ತಾ ಹೋಗುತ್ತದೆ.

ಗ್ಯಾಪ್ ಸರಿಪಡಿಸಿ ಗಾಳಿ ಬಿಟ್ಟು ನೋಡಿದೆ. ಸೋರಿಕೆ ಕಡಿಮೆಯಾಯಿತು, ನಿಲ್ಲಲಿಲ್ಲ. ಹೆಡ್ ಇಳಿಸದೆ ದಾರಿಯಿಲ್ಲ ಎಂದು ಮಾಲೀಕರಿಗೆ ಹೇಳಿ, ಸೈಲೆನ್ಸರಿನ ಸದ್ದನ್ನು ಅವರಿಗೇ ಕೇಳಿಸಿದೆ. ಅಷ್ಟು ಖರ್ಚಿನ ಕೆಲಸಕ್ಕೆ ಒಪ್ಪಿಗೆ ಕೇಳುವಾಗ ಮಾಲೀಕರು ಸ್ವತಃ ಕೇಳಿಸಿಕೊಂಡಿರಬೇಕು ಎಂಬುದು ನನ್ನ ಪದ್ಧತಿ.

ಹೊರಬಂದ ವಾಲ್ವಿನ ಅಂಚಿನಲ್ಲಿ ಒಂದು ಕಡೆ ಬೂದು ಬಣ್ಣದ ಕಚ್ಚು ಬಿದ್ದಿತ್ತು, ಉಗುರು ಆಡಿಸಿದರೆ ತಡೆಯುತ್ತಿತ್ತು. ಹೊಸ ವಾಲ್ವ್ ತಂದು, ಲೇತ್ ಅಂಗಡಿಯಲ್ಲಿ ಸೀಟು ಕತ್ತರಿಸಿ, ಪೇಸ್ಟ್ ಹಚ್ಚಿ ಅರೆದೆವು. ಅಂಚಿನ ಸುತ್ತಲೂ ಒಂದೇ ಅಗಲದ, ಎಲ್ಲೂ ತುಂಡಾಗದ ಮಾಸಲು ಉಂಗುರ ಮೂಡುವವರೆಗೆ ಅರೆಯಬೇಕು. ಪೋರ್ಟಿನಲ್ಲಿ ಸೀಮೆಎಣ್ಣೆ ತುಂಬಿ ಇಟ್ಟೆ. ಒಂದು ಹನಿಯೂ ಕೆಳಗೆ ಬರಲಿಲ್ಲ. ಉಳಿದ ಎಗ್ಸಾಸ್ಟ್ ವಾಲ್ವ್‌ಗಳ ಗ್ಯಾಪೂ ಕಿರಿದಾಗತೊಡಗಿತ್ತು, ಅವನ್ನೂ ಸರಿ ಮಾಡಿದೆ. ಹೊಸ ಗ್ಯಾಸ್ಕೆಟ್ ಹಾಕಿ ಹೆಡ್ ಕೂರಿಸಿ, ಮತ್ತೆ ಬಿಸಿ ಎಂಜಿನ್‌ನಲ್ಲೇ ಕಂಪ್ರೆಶನ್ ನೋಡಿದೆ. ನಾಲ್ಕೂ ಸಮ.

ಗಾಡಿ ಒಯ್ಯುವಾಗ ಮಾಲೀಕರು, "ಟ್ಯಾಪೆಟ್ ಸ್ವಲ್ಪ ಸದ್ದು ಮಾಡುತ್ತಿದೆಯಲ್ಲ ಉಸ್ತಾದ್, ಬಿಗಿ ಮಾಡಬಹುದೇ?" ಎಂದು ಕೇಳಿದರು. ಬೇಡ ಎಂದೆ. ಸದ್ದು ಮಾಡುವ ಟ್ಯಾಪೆಟ್‌ನಲ್ಲಿ ಗ್ಯಾಪ್ ಇದೆ ಎಂದಾದರೂ ಗೊತ್ತಾಗುತ್ತದೆ. ಬಿಗಿಯಾದದ್ದು ಸದ್ದಿಲ್ಲದೆ ವಾಲ್ವನ್ನು ಸುಡುತ್ತದೆ. ಸಿಎನ್‌ಜಿಯಲ್ಲಿ ದುಡಿಯುವ ಗಾಡಿಗೆ ಕೈಪಿಡಿಯ ಅವಧಿಗಿಂತ ಮೊದಲೇ ಟ್ಯಾಪೆಟ್ ನೋಡಿಸಬೇಕೆಂದು ಹೇಳಿ, ಮುಂದಿನ ತಪಾಸಣೆಯ ಕಿಲೋಮೀಟರನ್ನು ಆಯಿಲ್ ಬದಲಿಸುವ ಚೀಟಿಯ ಮೇಲೆಯೇ ಬರೆದು ಬಾಗಿಲಿನ ಒಳಗೆ ಅಂಟಿಸಿದೆ.