ಕೊಡಗಿನ ತೇವದಲ್ಲಿ ಒಂದು ಬಿಬಿಸಿ ಮೈಕ್ರೊ: ನನ್ನ ಅನುಭವ

ಹಳೆಯ ಕಂಪ್ಯೂಟರ್ ಕೈಗೆ ಸಿಕ್ಕಿದ ಕೂಡಲೇ ಪ್ಲಗ್ ಹಾಕಿ ನೋಡೋಣ ಅನ್ನಿಸುತ್ತದೆ. ಕೊಡಗಿನಲ್ಲಿ ಅದೊಂದನ್ನು ಮಾತ್ರ ಮಾಡಬೇಡಿ. ಇಲ್ಲಿನ ಅಟ್ಟದಿಂದ ಇಳಿದ ಯಾವ ಯಂತ್ರದಲ್ಲೂ ಹಲವು ಮಳೆಗಾಲಗಳ ತೇವ ಕೂತಿರುತ್ತದೆ. ಮೊದಲು ಒಣಗಿಸಬೇಕು. ಆಮೇಲೆ ಅದರ ಕಾಗದಪತ್ರ, ಅಂದರೆ ಸರ್ವಿಸ್ ಮ್ಯಾನುಯಲ್, ಸರ್ಕ್ಯೂಟ್ ಚಿತ್ರ, ಹುಡುಕಿ ಓದಬೇಕು. ಬಿಡಿಭಾಗದ ಬೇಟೆ ಕೊನೆಗೆ. ಈ ಕ್ರಮದಲ್ಲಿ ಹೋಗಿದ್ದಕ್ಕೇ ನನ್ನ ಬಿಬಿಸಿ ಮೈಕ್ರೊ ಇವತ್ತು ಓಡುತ್ತಿದೆ.

ಇದು ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರ ಕೊನೆಗೆ ಹೊರತಂದ ಯಂತ್ರ. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, ಮಾಡೆಲ್ ಬಿಯಲ್ಲಿ 32 ಕೆಬಿ ಮೆಮೊರಿ. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯಿಸಲು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ. ನನಗೆ ಸಿಕ್ಕಿದ್ದು ವಿರಾಜಪೇಟೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ. "ತಗೊಂಡು ಹೋಗು ಮಾರಾಯಾ, ಇಲ್ಲಿದ್ರೆ ಬೂಷ್ಟು ತಿಂದು ಹಾಕುತ್ತೆ" ಅಂದರು.

'ಫಿಕ್ಸ್' ಎಂದು ಬರೆದಿರುವ ನಾಲ್ಕು ಸ್ಕ್ರೂ ಬಿಚ್ಚಿದರೆ ಮೇಲಿನ ಮುಚ್ಚಳ ಬರುತ್ತದೆ. ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ಮಳೆಗಾಲದಲ್ಲಿ ಇಲ್ಲಿ ಬೀರುವಿನೊಳಗೆ ಬಲ್ಬ್ ಉರಿಸುತ್ತೇವಲ್ಲ, ಬೋರ್ಡನ್ನು ಒಣಗಿಸಿದ್ದೂ ಅದೇ ಉಪಾಯದಲ್ಲಿ. ಬಲ್ಬ್ ಮಾತ್ರ ದೂರವಿರಲಿ, ಬೆಚ್ಚಗಾದರೆ ಸಾಕು.

ಪವರ್ ಸಪ್ಲೈಯಲ್ಲಿ ಕರೆಂಟ್ ಒಳಬರುವ ಜಾಗದಲ್ಲೇ ಕಾಗದದ ಪದರದ ಕೆಪಾಸಿಟರ್ ಇರುತ್ತದೆ. ವಯಸ್ಸಾದಂತೆ ಅದರ ಹೊರಗಿನ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಕಾಗದ ತೇವ ಹೀರುತ್ತದೆ. ಕರೆಂಟ್ ಕೊಟ್ಟರೆ ಸಿಡಿದು ಮನೆತುಂಬ ಹೊಗೆ. ನನ್ನದರಲ್ಲಿ ಬಿರುಕು ಟಾರ್ಚ್ ಬೆಳಕಿಗೆ ಸ್ಪಷ್ಟವಾಗಿ ಕಂಡಿತು. ಅಲ್ಲಿಗೆ ಎಕ್ಸ್2 ಎಂದು ಗುರುತಿರುವ, 275 ವೋಲ್ಟ್ ಎಸಿ ತಡೆಯುವ ಕೆಪಾಸಿಟರನ್ನೇ ಹಾಕಬೇಕು. ಬೇರೆ ಯಾವುದೋ ಸಾಲದು, ಅದು ನೇರ ಮೇನ್ಸ್ ಮೇಲೆ ಕೂರುವ ಭಾಗ. ಇದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುಲಭವಾಗಿ ಸಿಕ್ಕಿತು. ಬೋರ್ಡಿಗೆ ಜೋಡಿಸುವ ಮೊದಲು ಪವರ್ ಸಪ್ಲೈಗೆ ಕಾರಿನ ಬಲ್ಬ್ ಕಟ್ಟಿ ಮೀಟರ್ ಹಿಡಿದೆ. ಸರಿಯಾಗಿ 5 ವೋಲ್ಟ್ ಬರುತ್ತಿತ್ತು.

ಬೋರ್ಡಿಗೆ ಕರೆಂಟ್ ಕೊಟ್ಟಾಗ ಒಂದು ದಪ್ಪ ಸದ್ದು, ನಿಲ್ಲಲೇ ಇಲ್ಲ. ಸರಿಯಿರುವ ಬಿಬಿಸಿ ಮೈಕ್ರೊ ಮೊದಲು ದಪ್ಪಗೆ ಕೂಗಿ, ಹಿಂದೆಯೇ ಸಣ್ಣಗೆ ಬೀಪ್ ಅನ್ನುತ್ತದೆ. ದಪ್ಪ ಸದ್ದು ನಿಲ್ಲದಿದ್ದರೆ ಆಪರೇಟಿಂಗ್ ಸಿಸ್ಟಮ್ ಶುರುವಾಗಿಲ್ಲ ಎಂದರ್ಥ. ಕೆಲಸದ ಮೆಮೊರಿಯಾದ ರಾಮ್ ಚಿಪ್ಪಿನ ಜೊತೆ, ಆಪರೇಟಿಂಗ್ ಸಿಸ್ಟಮ್ ಶಾಶ್ವತವಾಗಿ ಕೂತಿರುವ ರೋಮ್ ಚಿಪ್ಪುಗಳನ್ನೂ ನೋಡಬೇಕು. ಸಾಕೆಟ್ಟಿನಿಂದ ರೋಮ್ ಎತ್ತಿದೆ. ಕಾಲುಗಳೆಲ್ಲ ಕಿಲುಬು ಹಿಡಿದು ಕಪ್ಪಾಗಿದ್ದವು. ಒಂದೊಂದನ್ನೇ ಉಜ್ಜಿ, ಸಾಕೆಟ್ಟಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮತ್ತೆ ಕೂರಿಸಿದೆ. ಎರಡೂ ಸದ್ದು ಬಂದವು!

ಆದರೆ ಪರದೆ ತುಂಬ ಡಾಲರ್ ಗುರುತು. ನಡುವೆ ಯಂತ್ರದ ಪ್ರೋಗ್ರಾಮಿಂಗ್ ಭಾಷೆಯ ಹೆಸರು 'ಬೇಸಿಕ್' (BASIC) ಎಂದು ಬರಬೇಕಾದ ಕಡೆ ಎಫ್, ಇ, ಡಬ್ಲ್ಯೂ, ಎಂ, ಜಿ. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಬಿ ಅಂದರೆ 66, ಎಫ್ 70. ಎ 65, ಇ 69. ಖಾಲಿ ಜಾಗ 32, ಡಾಲರ್ 36. ಎಲ್ಲ ಕಡೆ 4 ಜಾಸ್ತಿ. ಕಂಪ್ಯೂಟರ್ ಪ್ರತಿ ಸಂಖ್ಯೆಯನ್ನೂ 0 ಅಥವಾ 1 ಆಗುವ ಬಿಟ್‌ಗಳಲ್ಲಿ ಇಡುತ್ತದೆ. ಅಂದರೆ 4ರ ಬೆಲೆಯ ಒಂದೇ ಒಂದು ಬಿಟ್ ಸದಾ 1 ಆಗಿ ಸಿಕ್ಕಿಹಾಕಿಕೊಂಡಿದೆ. ಯಂತ್ರ ತನ್ನ ನೋವು ಎಲ್ಲಿ ಅಂತ ತಾನೇ ಬರೆದು ತೋರಿಸುತ್ತಿತ್ತು.

ತಪ್ಪು ಮೆಮೊರಿಯದೋ, ಪರದೆಯ ಸರ್ಕ್ಯೂಟಿನದೋ? ಮೆಮೊರಿಯ ಒಂದು ಜಾಗಕ್ಕೆ 0 ಬರೆದು ಓದಿದರೆ ಗೊತ್ತಾಗುತ್ತದೆ. ಆದರೆ ಉತ್ತರವನ್ನು ಪರದೆಯಲ್ಲಿ ನಂಬುವಂತಿಲ್ಲ, ಅಲ್ಲಿ 0 ಕೂಡ 4 ಆಗಿಯೇ ಕಾಣುತ್ತದೆ, ಅಲ್ವಾ? ಅದಕ್ಕೇ, 4 ಬಂದರೆ ಬೀಪ್ ಮಾಡು ಅಂತ ಟೈಪ್ ಮಾಡಿದೆ. ಮೇಲಿನ 16 ಕೆಬಿಯಲ್ಲಿ ಬೀಪ್ ಬಂತು, ಕೆಳಗಿನ 16 ಕೆಬಿಯಲ್ಲಿ ಬರಲಿಲ್ಲ. ಅಂದರೆ ತಪ್ಪು ಮೆಮೊರಿಯದೇ, ಅದೂ ಮೇಲಿನ ಅರ್ಧದ್ದು. ಸರ್ವಿಸ್ ಮ್ಯಾನುಯಲ್ ಇಂಟರ್ನೆಟ್ ಆರ್ಕೈವಿನಲ್ಲಿದೆ. ಸರ್ಕ್ಯೂಟ್ ಚಿತ್ರವನ್ನು ದೊಡ್ಡ ಹಾಳೆಗೆ ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದ್ದೆ. ಹದಿನಾರು ಮೆಮೊರಿ ಚಿಪ್ಪುಗಳಲ್ಲಿ ಯಾವುದು ಕೆಟ್ಟಿದೆ ಅಂತ ಅದರಲ್ಲಿ ಬೆರಳಿಟ್ಟು ತೋರಿಸಬಹುದಿತ್ತು. ಕಾಗದ ಮೊದಲು ಅನ್ನುವುದು ಇದಕ್ಕೇ.

ಬೇಕಾದದ್ದು 4816 ಎಂಬ ಚಿಪ್. ಎಸ್‌ಪಿ ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿದರೂ ಸಿಗಲಿಲ್ಲ. "ಇದೂ ಅದೇ ಸಾರ್, ಹದಿನಾರು ಕೆ" ಅಂತ ಒಬ್ಬರು 4116 ಕೈಗಿಟ್ಟರು. ಅಳತೆ ಒಂದೇ, ಕಾಲೂ ಅಷ್ಟೇ. ಆದರೆ 4116ಕ್ಕೆ 12, 5 ಮತ್ತು ಮೈನಸ್ 5, ಹೀಗೆ ಮೂರು ವೋಲ್ಟೇಜ್ ಬೇಕು. 4816 ಬರೀ 5 ವೋಲ್ಟಿನಲ್ಲಿ ನಡೆಯುತ್ತದೆ. ನಂಬರ್ ನೋಡಿ, ಚಿಪ್ಪಿನ ವಿವರದ ಹಾಳೆ (ಡೇಟಾಶೀಟ್) ಓದಿ, ಆಮೇಲೇ ದುಡ್ಡು ಕೊಡಿ.

ಕೊನೆಗೆ ದಾರಿ ತೋರಿಸಿದ್ದು ಮೇಷ್ಟ್ರೇ. ಅವರ ಸ್ನೇಹಿತರೊಬ್ಬರು ಸೋಮವಾರಪೇಟೆಯಲ್ಲಿ ಇದೇ ಯಂತ್ರದ ಒಂದು ಬೋರ್ಡ್ ಇಟ್ಟುಕೊಂಡಿದ್ದರು. ಅದು ಏಳುವ ಸ್ಥಿತಿಯಲ್ಲಿರಲಿಲ್ಲ, ಆದರೆ ಮೆಮೊರಿ ಚಿಪ್ಪುಗಳಿದ್ದವು. ಗೋಣಿಕೊಪ್ಪಲಿನ ಮೊಬೈಲ್ ರಿಪೇರಿ ಹುಡುಗ ತನ್ನ ಬಿಸಿಗಾಳಿ ಮೆಷಿನ್ನಿನಲ್ಲಿ ಅವನ್ನು ನಾಜೂಕಾಗಿ ಬಿಡಿಸಿಕೊಟ್ಟ. "ಇಷ್ಟು ದಪ್ಪ ಕಾಲಿನ ಚಿಪ್ಪು ನೋಡೇ ಇರಲಿಲ್ಲ ಅಣ್ಣಾ" ಅಂದ. ನನ್ನ ಬೋರ್ಡಿನಲ್ಲಿ ಕೆಟ್ಟ ಚಿಪ್ಪಿನ ಕಾಲುಗಳನ್ನು ಕತ್ತರಿಸಿ ಒಂದೊಂದಾಗಿ ತೆಗೆದೆ. ಚಿಪ್ ಹೋದರೂ ಪರವಾಗಿಲ್ಲ, ಬೋರ್ಡಿನ ತಾಮ್ರದ ಗೆರೆ ಕಿತ್ತುಬರಬಾರದು. ಅಲ್ಲಿ ಸಾಕೆಟ್ ಹಾಕಿ ಹೊಸದನ್ನು ಕೂರಿಸಿದೆ. ಡಾಲರ್‌ಗಳೆಲ್ಲ ಹೋಗಿ 'ಬೇಸಿಕ್' ಬಂತು.

ಮಳೆಗಾಲದಲ್ಲಿ ಈಗ ಅದನ್ನು ಆಗಾಗ ಸ್ವಲ್ಪ ಹೊತ್ತು ಓಡಿಸುತ್ತೇನೆ, ಅದರ ಬಿಸಿಗೇ ತೇವ ಹೋಗುತ್ತದೆ. ಗುಡುಗು ಕೇಳಿದರೆ ಪ್ಲಗ್ ಕಿತ್ತಿಡುತ್ತೇನೆ. ಮೇಷ್ಟ್ರು ಕೊಟ್ಟ ಪಾಠದ ಟಿಪ್ಪಣಿಗಳನ್ನು ಸ್ಕ್ಯಾನ್ ಮಾಡುತ್ತಿದ್ದೇನೆ. ಕ್ಲಾಸ್ ಯೋಜನೆಯ ಕ್ಯಾಸೆಟ್, ಕೈಪಿಡಿ, ಕೊನೆಗೆ ಒಂದು ಹಾಳೆ ನಿಮ್ಮ ಅಟ್ಟದಲ್ಲಿದ್ದರೂ ದಯವಿಟ್ಟು ಗುಜರಿಗೆ ಹಾಕಬೇಡಿ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದ್ದರೆ ಟೇಪ್ ರೆಕಾರ್ಡರಿಗೆ ಹಾಕುವ ಮೊದಲು ಒಣಗಿಸಿ ಒರೆಸಿ.