ಇಂಗ್ಲಿಷ್‌ನಿಂದ ಫ್ರೆಂಚ್‌ಗೆ: ನಡುವೆ ಕನ್ನಡ ಇರಲಿ

ಫ್ರೆಂಚ್ ಕಲಿಯಲು ಕೂತವರು ಸಾಮಾನ್ಯವಾಗಿ ನೋಟ್‌ಬುಕ್ಕಿನ ನಡುವೆ ಒಂದು ಗೆರೆ ಎಳೆಯುತ್ತಾರೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಫ್ರೆಂಚ್ ಪದ. ನಾನೂ ಹಾಗೇ ಶುರು ಮಾಡಿದ್ದೆ. ಈಗ ಯಾರಾದರೂ ಕೇಳಿದರೆ ಎರಡು ಗೆರೆ ಎಳೆಯಿರಿ ಅನ್ನುತ್ತೇನೆ. ನಡುವಿನ ಜಾಗ ಕನ್ನಡಕ್ಕೆ. ಯಾಕೆ ಅನ್ನುವುದು ಒಂದು ಪದ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಮೊದಲು ಅರ್ಥ ಹಿಡಿಯಿರಿ

'ಲೈಟ್' ಅನ್ನುವ ಪದವನ್ನೇ ತೆಗೆದುಕೊಳ್ಳಿ. ಡಿಕ್ಷನರಿ ತೆರೆದರೆ ಅದರ ಎದುರು ಲ್ಯುಮಿಯೆರ್, ಲೆಝೆ, ಕ್ಲೆರ್, ಅಲ್ಯುಮೆ ಅಂತ ಫ್ರೆಂಚ್ ಪದಗಳು ಸಾಲಾಗಿ ನಿಂತಿರುತ್ತವೆ. (ಇಲ್ಲಿ ಝ ಅಂದರೆ 'ಮೆಷರ್' ಅನ್ನುವಾಗ ನಡುವೆ ಬರುವ ಸದ್ದು.) ಮೊದಲು ಕಂಡದ್ದನ್ನು ಸುಮ್ನೆ ಬರೆದುಕೊಂಡರೆ ಕೆಲಸ ಕೆಟ್ಟಿತು. ನಾನು ಹೇಳಹೊರಟ 'ಲೈಟ್' ಕನ್ನಡದಲ್ಲಿ ಏನು ಅಂತ ಕೇಳಿಕೊಳ್ಳಿ. ಬೆಳಕು ಆದರೆ ಲ್ಯುಮಿಯೆರ್. ಹಗುರ ಆದರೆ ಲೆಝೆ. ಹಚ್ಚು, ಹೊತ್ತಿಸು ಆದರೆ ಅಲ್ಯುಮೆ. ತಿಳಿ ಬಣ್ಣ ಆದರೆ ಕ್ಲೆರ್. ತಿಳಿನೀಲಿಯ 'ತಿಳಿ'ಗೂ ತಿಳಿನೀರಿನ 'ತಿಳಿ'ಗೂ ಫ್ರೆಂಚ್‌ನಲ್ಲಿ ಅದೇ ಕ್ಲೆರ್ ಸಾಕು. ಇಂಗ್ಲಿಷ್ ಒಂದೇ ಪದದಲ್ಲಿ ಕಟ್ಟಿಟ್ಟ ಗಂಟನ್ನು ಕನ್ನಡ ಆಗಲೇ ಬಿಚ್ಚಿಟ್ಟಿದೆ.

'ಬ್ರಿಂಗ್' ಕೂಡ ಹೀಗೆಯೇ. ಪುಸ್ತಕ ತಂದರೂ ಬ್ರಿಂಗ್, ಗೆಳೆಯನನ್ನು ಕರೆದುಕೊಂಡು ಬಂದರೂ ಬ್ರಿಂಗ್. ಗೆಳೆಯನನ್ನು 'ತಂದೆ' ಅಂತ ನಾವು ಹೇಳುತ್ತೇವಾ? ಫ್ರೆಂಚರೂ ವಸ್ತುವಿಗೆ ಅಪೊರ್ತೆ, ಮನುಷ್ಯರಿಗೆ ಅಮ್ನೆ ಅಂತ ಬೇರೆ ಮಾಡುತ್ತಾರೆ. 'ಯು' ಪದದ ವಿಷಯ ಹೇಳುವುದೇ ಬೇಡ. ತ್ಯು ಅಂದರೆ ನೀನು, ವೂ ಅಂದರೆ ನೀವು. ಇಂಗ್ಲಿಷ್ ಮಾತ್ರ ಗೊತ್ತಿರುವವರು ಇದಕ್ಕೆ ತಿಂಗಳುಗಟ್ಟಲೆ ತಡವರಿಸುತ್ತಾರೆ. ನಮಗೆ ಪರಿಚಯವಿಲ್ಲದವರನ್ನು ನೀವು ಅನ್ನುವುದು ಯಾರೂ ಹೇಳಿಕೊಡದೆ ಬರುತ್ತದೆ.

ಒಂದೇ ಥರ ಕಾಣುವ ಪದಗಳು

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಬಹಳ ಕಾಲ ಅಲ್ಲಿನ ಅರಮನೆಯಲ್ಲಿ, ನ್ಯಾಯಾಲಯದಲ್ಲಿ ಫ್ರೆಂಚ್ ನಡೆಯಿತು. ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷ್‌ಗೆ ಬಂದು ಸೇರಿದವು. ಹಾಗಾಗಿ ಟೇಬಲ್, ನೇಶನ್ ಥರದ ಎಷ್ಟೋ ಪದಗಳ ಕಾಗುಣಿತ ಎರಡೂ ಭಾಷೆಯಲ್ಲಿ ಒಂದೇ. ಓದುವ ರೀತಿ ಮಾತ್ರ ಬೇರೆ: ತಾಬ್ಲ್, ನಾಸ್ಯೋಂ. ಗಮನಿಸಿದಿರಾ, ಫ್ರೆಂಚ್‌ನಲ್ಲಿ ಟ, ಡ ಇಲ್ಲ. ನಮ್ಮ ತ, ದ ಹಾಗೆ ನಾಲಿಗೆ ಹಲ್ಲಿಗೆ ತಾಗಬೇಕು.

ಅಕ್ಷರದ ತಲೆ ಮೇಲೆ ಪುಟ್ಟ ಟೋಪಿಯಂಥ ಗುರುತು ಕಂಡರೆ ಹೆಚ್ಚಾಗಿ ಅಲ್ಲಿ ಹಿಂದೆ ಒಂದು 'ಎಸ್' ಇತ್ತು ಅಂತ ತಿಳಿಯಿರಿ. ಅದನ್ನು ವಾಪಸ್ ಸೇರಿಸಿದರೆ ಒಪಿತಾಲ್ 'ಹಾಸ್ಪಿಟಲ್' ಆಗುತ್ತದೆ, ಫೊರೆ 'ಫಾರೆಸ್ಟ್' ಆಗುತ್ತದೆ. ಹೊಸ ಪದದಲ್ಲಿ ಹೀಗೆ ಹಳೆಯ ನಂಟು ಸಿಕ್ಕಾಗ ಆಗುವ ಖುಷಿಯೇ ಬೇರೆ.

ಆದರೆ ನೋಡಲು ಒಂದೇ ಥರ ಇದ್ದ ಮಾತ್ರಕ್ಕೆ ನಂಬಿಬಿಡಬೇಡಿ. ಲಿಬ್ರೆರಿ ಅಂದರೆ ಪುಸ್ತಕದ ಅಂಗಡಿ. ಲೈಬ್ರರಿಗೆ ಬಿಬ್ಲಿಯೊತೆಕ್ ಅನ್ನಬೇಕು. ಅತಾಂದ್ರ್ ನೋಡಲು 'ಅಟೆಂಡ್' ಥರ ಇದ್ದರೂ ಅದರ ಅರ್ಥ ಕಾಯುವುದು. ಸಭೆಗೆ ಹೋಗಿದ್ದೆ ಅನ್ನಲು ಅದನ್ನು ಬಳಸಿದರೆ ಸಭೆಗಾಗಿ ಕಾದೆ ಅಂದ ಹಾಗಾಗುತ್ತದೆ. ರೆಜ಼್ಯಾಂ ಅಂದರೆ ದ್ರಾಕ್ಷಿ. (ಇಲ್ಲಿನ ಜ಼ ಇಂಗ್ಲಿಷ್‌ನ 'ಜ಼ೀರೋ' ಅನ್ನುವಾಗ ಮೊದಲು ಬರುವ ಸದ್ದು.) ಇಂಗ್ಲಿಷ್‌ನವರ 'ರೇಸಿನ್' ಬೇಕಾದರೆ ಮುಂದೆ ಒಣ ಅನ್ನುವ ಪದ ಸೇರಿಸಿ ರೆಜ಼್ಯಾಂ ಸೆಕ್ ಅನ್ನಬೇಕು. ಒಣದ್ರಾಕ್ಷಿ ಅನ್ನುವ ನಮಗೆ ಇದು ಹೊಸದೇನಲ್ಲ, ಅಲ್ವಾ? ಇಂಥ ಪದ ಸಿಕ್ಕಾಗಲೆಲ್ಲ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಲಿಂಗ ಬಿಟ್ಟು ಪದ ಬರೆಯಬೇಡಿ

ಇಲ್ಲಿ ಕನ್ನಡ ಸಹಾಯಕ್ಕೆ ಬರುವುದಿಲ್ಲ. ನಮಗೆ ಮೇಜು, ಪುಸ್ತಕ ಎಲ್ಲವೂ 'ಅದು'. ಫ್ರೆಂಚ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಡಿಕ್ಷನರಿಯಲ್ಲಿ ಪದದ ಪಕ್ಕ 'ಎಂ' ಇದ್ದರೆ ಪುಲ್ಲಿಂಗ, 'ಎಫ್' ಇದ್ದರೆ ಸ್ತ್ರೀಲಿಂಗ. ಪದದ ಮುಂಚೆ ಬರುವ ಲ ಪುಲ್ಲಿಂಗದ ಗುರುತು, ಲಾ ಸ್ತ್ರೀಲಿಂಗದ್ದು. ತಾಬ್ಲ್ ಅಂತ ಬರೆಯದೆ ಲಾ ತಾಬ್ಲ್ ಅಂತಲೇ ಬರೆಯಿರಿ, ಹಾಗೇ ಬಾಯಲ್ಲೂ ಹೇಳಿಕೊಳ್ಳಿ. ಇಲ್ಲಿ ಲಿಂಗ ತಪ್ಪಿದರೆ ಅರ್ಥವೂ ತಪ್ಪಬಹುದು. ಲ ತೂರ್ ಅಂದರೆ ಸುತ್ತು, ಸೈಕಲ್ ರೇಸಿನ 'ತೂರ್ ದ ಫ್ರಾನ್ಸ್' ಇದೇ. ಲಾ ತೂರ್ ಅಂದರೆ ಗೋಪುರ, ಐಫೆಲ್ ಟವರಿನ ಹೆಸರಲ್ಲಿ ಇರುವುದು ಇದು. ಇಂಗ್ಲಿಷ್‌ನಲ್ಲಿ 'ಶನ್' ಅಂತ ಮುಗಿಯುವ ನೇಶನ್, ಸ್ಟೇಶನ್ ಥರದ ಪದಗಳು ಫ್ರೆಂಚ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಸ್ತ್ರೀಲಿಂಗ. ಇದೊಂದು ನೆನಪಿಟ್ಟರೆ ನೂರಾರು ಪದಗಳ ಚಿಂತೆ ಕಳೆಯುತ್ತದೆ.

ಪದ ಬಿಟ್ಟು ವಾಕ್ಯಕ್ಕೆ ಬನ್ನಿ

ದಿನಬಳಕೆಯ ಎಷ್ಟೋ ಮಾತನ್ನು ಪದಕ್ಕೆ ಪದ ಇಟ್ಟು ಕಟ್ಟಲು ಆಗುವುದಿಲ್ಲ. 'ಐ ಆಮ್ ಹಂಗ್ರಿ' ಅನ್ನಲು ಫ್ರೆಂಚರು ಝೆ ಫ್ಯಾಂ ಅನ್ನುತ್ತಾರೆ. ಅಂದರೆ ನನ್ನ ಹತ್ತಿರ ಹಸಿವು ಇದೆ ಅಂತ. ಸೆಕೆಗೂ ಹೀಗೇ, ಝೆ ಶೋ. ನಾವೂ 'ನಾನು ಹಸಿವು', 'ನಾನು ಸೆಕೆ' ಅನ್ನುವುದಿಲ್ಲವಲ್ಲ.

ನನಗೆ ತುಂಬಾ ಇಷ್ಟವಾದ ವಾಕ್ಯವೊಂದಿದೆ: ಸಾ ಮ ಪ್ಲೆ. ಸಾ ಅಂದರೆ ಅದು. ಮ ಅಂದರೆ ನನಗೆ. ಪ್ಲೆ ಅಂದರೆ ಹಿಡಿಸುತ್ತೆ. ಅದು ನನಗೆ ಹಿಡಿಸುತ್ತೆ! ಪದಗಳು ಬರುವ ಸಾಲೂ ನಮ್ಮದೇ. 'ಐ ಲೈಕ್ ಇಟ್' ಮೂಲಕ ಹೋದರೆ ಇದು ಉಲ್ಟಾ ಕಾಣುತ್ತದೆ, ಕನ್ನಡದ ಮೂಲಕ ಹೋದರೆ ನೇರ ದಾರಿ. ಅದಕ್ಕೇ ಪ್ರತಿ ಪದದ ಕೆಳಗೆ ಅದನ್ನು ಬಳಸಿದ ಒಂದು ಚಿಕ್ಕ ವಾಕ್ಯ ಇರಲಿ.

ಯಾವ ನಾಡಿನವರ ಜೊತೆ ಮಾತಾಡುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ವಾರಾಂತ್ಯಕ್ಕೆ ಫ್ರಾನ್ಸ್‌ನಲ್ಲಿ 'ವೀಕೆಂಡ್' ಅಂತಲೇ ಅಂದರೆ, ಕೆನಡಾದ ಕ್ವಿಬೆಕ್‌ನಲ್ಲಿ ಫ್ಯಾಂ ದ ಸ್ಮೆನ್ ಅನ್ನುತ್ತಾರೆ. ಎಪ್ಪತ್ತಕ್ಕೆ ಫ್ರಾನ್ಸ್‌ನಲ್ಲಿ ಅರವತ್ತು-ಹತ್ತು ಅಂತ ಲೆಕ್ಕ, ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ಸೆಪ್ತಾಂತ್ ಅನ್ನುವ ಒಂದೇ ಪದ.

ಕೊನೆಗೆ ತಿರುಗಿಸಿ ನೋಡಿ

ಪದ ಸಿಕ್ಕಿತು ಅಂತ ಡಿಕ್ಷನರಿ ಮುಚ್ಚಬೇಡಿ. ಸಿಕ್ಕ ಫ್ರೆಂಚ್ ಪದವನ್ನು ಫ್ರೆಂಚ್-ಇಂಗ್ಲಿಷ್ ಭಾಗದಲ್ಲಿ ಮತ್ತೆ ಹುಡುಕಿ. ಲೆಝೆ ಅಂತ ನೋಡಿದಾಗ ತೂಕದ ಮಾತು ಬಂದು ಬೆಳಕಿನ ಸುಳಿವೇ ಇಲ್ಲದಿದ್ದರೆ, ನಿಮಗೆ ಬೇಕಿದ್ದುದು ಹಗುರವೋ ಬೆಳಕೋ ಅಂತ ಆಗಲೇ ಗೊತ್ತಾಗುತ್ತದೆ. ಮೊಬೈಲ್‌ನಲ್ಲಿ ಅನುವಾದ ಮಾಡುವವರು ಬರೀ 'ಲೈಟ್' ಅಂತ ಟೈಪ್ ಮಾಡದೆ 'ಈ ಚೀಲ ಲೈಟಾಗಿದೆ' ಅನ್ನುವ ಇಡೀ ವಾಕ್ಯ ಕೊಡಿ. ಆಮೇಲೆ ಸ್ಪೀಕರ್ ಗುರುತು ಒತ್ತಿ ಉಚ್ಚಾರಣೆ ಕೇಳಿ. ಫ್ಯಾಂ, ರೆಜ಼್ಯಾಂ ಪದಗಳ ಕೊನೆಯ ಸದ್ದು ಮೂಗಿನಲ್ಲಿ ಬರುವಂಥದ್ದು. ಅಲ್ಲಿ ತುಟಿ ಮುಚ್ಚಿ 'ಮ್' ಅನ್ನಬಾರದು. ಇದು ಕಿವಿಗೆ ನಾಲ್ಕು ಸಲ ಬಿದ್ದ ಮೇಲೆಯೇ ಬಾಯಿಗೆ ಬರುತ್ತದೆ.